ಚಿಕ್ಕಮಗಳೂರಿನಿಂದ ಆಲ್ದೂರಿಗೆ ಆಕ್ಟಿಂಗ್ ಡ್ರೈವರ್: 1,300 ರೂಪಾಯಿ ಕೊಡಬಹುದಾ?

ಮೊದಲು ರೇಟು ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಆಕ್ಟಿಂಗ್ ಡ್ರೈವರ್ ಅಂದರೆ ನಮ್ಮ ಕಾರನ್ನು ಓಡಿಸಿಕೊಡಲು ದುಡ್ಡಿಗೆ ಬರುವ ಡ್ರೈವರ್. ಕಾರು ನಮ್ಮದು, ಪೆಟ್ರೋಲು ನಮ್ಮದು. ಚಿಕ್ಕಮಗಳೂರು ಟೌನಿನ ಕಲ್ಯಾಣ ಮಂಟಪದಿಂದ ಆಲ್ದೂರು ಹತ್ತಿರದ ತೋಟದ ಮನೆಗೆ ರಾತ್ರಿ ಓಡಿಸಿಕೊಂಡು ಬರಲು ಡ್ರೈವರ್‌ಗೆ 900. ಅವನು ವಾಪಸ್ ಹೋಗುವ ಖರ್ಚಿಗೆ 300. ಹೇಳಿದ ಹೊತ್ತಿಗಿಂತ ಜಾಸ್ತಿ ಕಾಯಿಸಿದರೆ ಗಂಟೆಗೆ 100. ನಮ್ಮದು ಒಟ್ಟು 1,300 ಆಯಿತು.

ಈ ಸೇವೆಗೆ ಹೆಸರಿಲ್ಲ, ಬೋರ್ಡಿಲ್ಲ, ಆ್ಯಪ್ ಇಲ್ಲ. ಟ್ಯಾಕ್ಸಿ ಸ್ಟ್ಯಾಂಡಿನ ಕೆಲವು ಡ್ರೈವರ್‌ಗಳು ಸೇರಿ ಮಾಡಿಕೊಂಡ ಗುಂಪು ಅಷ್ಟೇ. ಹಗಲು ಟೂರಿಸ್ಟ್‌ಗಳನ್ನು ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಅಂತ ಸುತ್ತಿಸುತ್ತಾರೆ. ರಾತ್ರಿ ಮದುವೆ, ಬೀಗರೂಟ, ಪಾರ್ಟಿಗಳಿಗೆ ಆಕ್ಟಿಂಗ್ ಡ್ರೈವರ್ ಆಗಿ ಹೋಗುತ್ತಾರೆ. ಊರಲ್ಲಿ ಇಂಥ ಗುಂಪುಗಳು ಬೇರೆಯೂ ಇವೆ. ನಾನು ಬರೆಯುತ್ತಿರುವುದು ನಾವು ಕರೆಸಿಕೊಳ್ಳುವ ಒಂದು ಗುಂಪಿನ ಬಗ್ಗೆ.

ನನ್ನ ಪರಿಚಯವನ್ನೂ ಹೇಳಬೇಕು. ನಾನು ಟೌನಿನಲ್ಲಿ ಗಾಡಿ ಇನ್ಶೂರೆನ್ಸ್ ಏಜೆಂಟ್. ನಮ್ಮನೆಯವರದು ಕಾಫಿ ತೋಟ. ಅವರು ಕುಡಿಯುತ್ತಾರೆ, ನಾನು ಕುಡಿಯುವುದಿಲ್ಲ. ಆದರೆ ರಾತ್ರಿ ಎದುರು ಲೈಟು ಬಿದ್ದರೆ ನನಗೆ ರಸ್ತೆಯೇ ಕಾಣುವುದಿಲ್ಲ, ಹಾಗಾಗಿ ನಾನು ಓಡಿಸುವ ಮಾತಿಲ್ಲ. ಈ ರಿವ್ಯೂ ಸ್ವಲ್ಪ ಕಾಗದಪತ್ರದ ಕಡೆಗೆ ವಾಲುತ್ತದೆ. ಹೊಟ್ಟೆಪಾಡೇ ಅದು, ಏನು ಮಾಡುವುದು.

ಬುಕ್ ಮಾಡುವುದು ಫೋನಿನಲ್ಲಿ. ಗುಂಪಿನ ಹಿರಿಯ ಡ್ರೈವರ್ ಒಬ್ಬರು ಎಲ್ಲರಿಗೂ ಡ್ಯೂಟಿ ಹಂಚುತ್ತಾರೆ. ಎರಡು ದಿನ ಮುಂಚೆ ಹೇಳಿದರೆ ಖಂಡಿತ ಸಿಗುತ್ತಾರೆ. ಮದುವೆ ಸೀಸನ್ನಿನಲ್ಲಿ ಅದೇ ದಿನ ಸಂಜೆ ಫೋನ್ ಮಾಡಿದರೆ ಎತ್ತುವುದೇ ಇಲ್ಲ. ರಾತ್ರಿ 11ರ ಮೇಲಂತೂ ಕೇಳಲೇಬೇಡಿ.

ಡ್ರೈವರ್ ಯಾರು ಅಂತ ಗೊತ್ತಾದ ಮೇಲೆ ಅವನ ಲೈಸೆನ್ಸ್ ಫೋಟೋ ವಾಟ್ಸಾಪ್ ಮಾಡಿ ಅಂದೆ. ಹಿರಿಯರು ನಕ್ಕರು. "ಏನ್ ಮೇಡಂ, ಪೊಲೀಸ್ನೋರೂ ಇಷ್ಟು ಕೇಳಲ್ಲ" ಎಂದರು. ನಗಲಿ. ಲೈಸೆನ್ಸ್ ಇಲ್ಲದವನ ಕೈಗೆ ಕಾರು ಕೊಟ್ಟರೆ ಓನರ್‌ಗೇ 5,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಅದಕ್ಕಿಂತ ದೊಡ್ಡದು ಇನ್ಶೂರೆನ್ಸ್. ಕುಡಿದು ಓಡಿಸಿದರೆ ಕ್ಲೇಮ್ ಹೋಗುತ್ತದೆ ಅಂತ ಡ್ರೈವರ್ ಕರೆಸಿ, ಕೊನೆಗೆ ಅವನ ಲೈಸೆನ್ಸ್ ಎಕ್ಸ್‌ಪೈರಿ ಆಗಿದೆ ಅಂತ ಕ್ಲೇಮ್ ಹೋದರೆ? ಪರಿವಾಹನ್ ವೆಬ್‌ಸೈಟಿನಲ್ಲಿ ಲೈಸೆನ್ಸ್ ನಂಬರು, ಹುಟ್ಟಿದ ತಾರೀಕು ಹಾಕಿದರೆ ಚಾಲ್ತಿಯಲ್ಲಿದೆಯಾ ಇಲ್ಲವಾ ತೋರಿಸುತ್ತದೆ. ಒಂದು ನಿಮಿಷದ ಕೆಲಸ. ಫೋಟೋ ಬಂತು, ಆದರೆ ನಾನು ಇನ್ನೂ ಎರಡು ಸಲ ಜ್ಞಾಪಿಸಿದ ಮೇಲೆ. ಇಲ್ಲಿ ಒಂದು ಮಾರ್ಕ್ ಕಟ್.

ಹುಡುಗ ಒಂಬತ್ತೂವರೆಗೆ ಬರಬೇಕಿತ್ತು, ಹತ್ತು ನಿಮಿಷ ತಡವಾಗಿ ಬಂದ. ಪರವಾಗಿಲ್ಲ, ಬೀಗರೂಟ ಯಾವತ್ತು ಹೇಳಿದ ಹೊತ್ತಿಗೆ ಮುಗಿದಿದೆ? "ಊಟ ಮಾಡಿದ್ಯಾ ತಮ್ಮ?" ಅಂತ ಕೇಳಿದೆ. ಇಲ್ಲ ಎಂದ. ಕಡುಬು, ಕೋಳಿ ಸಾರು ಬಡಿಸಲು ಹೇಳಿದೆ. ಅವನು ಎಲೆ ಮುಂದೆ ಕೂತಿದ್ದೇ ತಡ, ಬೀಗರ ಕಡೆಯ ಒಬ್ಬರು ಗ್ಲಾಸ್ ಹಿಡಿದುಕೊಂಡು ಬಂದರು. ನಮ್ಮ ಕಡೆ ಉಪಚಾರ ಅಂದರೆ ಹಾಗೇ, ಡ್ರೈವರ್‌ಗೂ ಬಿಡುವುದಿಲ್ಲ. "ಬೇಡಣ್ಣ, ಡ್ಯೂಟಿಲಿ ಇದೀನಿ" ಅಂತ ಎಲೆಯಿಂದ ತಲೆ ಎತ್ತದೆ ಹೇಳಿದ. ಆಮೇಲೆ ಕೇಳಿದರೆ, ಇದು ಪ್ರತಿ ಮದುವೆಯಲ್ಲೂ ಆಗುವುದೇ ಅಂತೆ. ಡ್ಯೂಟಿಯಲ್ಲಿ ಕುಡಿದದ್ದು ಗೊತ್ತಾದರೆ ಗುಂಪಿನಿಂದ ತೆಗೆಯುತ್ತಾರಂತೆ. ಒಳ್ಳೆಯ ನಿಯಮ. ಆದರೆ ಪರೀಕ್ಷೆ ಮಾಡುವವರು ಯಾರು? ಗುಂಪಿನ ಹತ್ತಿರ ಊದಿಸುವ ಯಂತ್ರ ಇಲ್ಲ. ನೀವೇ ಹತ್ತಿರ ನಿಂತು ಎರಡು ಮಾತಾಡಿಸಿ ನೋಡಿಕೊಳ್ಳಬೇಕು.

ಯಂತ್ರ ಅಂದಾಗ ನೆನಪಾಯಿತು. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಊದುವ ಯಂತ್ರ ನಮ್ಮ ಮನೆಯಲ್ಲೂ ಒಂದು ಇದೆ. ನಮ್ಮನೆಯವರು ಬೆನ್ನು ಬೆನ್ನಿಗೆ ಎರಡು ಸಲ ಊದಿದರೆ ಎರಡು ಬೇರೆ ಬೇರೆ ನಂಬರು. ಒಂದು ಸಲ ಮೌತ್‌ವಾಶ್ ಹಾಕಿಕೊಂಡ ನನ್ನನ್ನೇ ಕುಡುಕಿ ಮಾಡಿಬಿಟ್ಟಿತ್ತು. ಅದನ್ನು ನಂಬಿ ಕೀ ತೆಗೆದುಕೊಳ್ಳಬೇಡಿ.

ಈಗ ನಮ್ಮ ಭಾವನ ವಿಷಯ. ಅಂದರೆ ನಮ್ಮನೆಯವರ ಅಣ್ಣ. ಹೊರಡುವಾಗ ಗೇಟಿನ ಹತ್ತಿರ ಸಿಕ್ಕಿದರು. "ಏನಮ್ಮ ಇದು, 20 ಕಿಲೋಮೀಟರೂ ಇಲ್ಲ, ಅದಕ್ಕೆ ಸಾವಿರದ ಮುನ್ನೂರು ದಂಡ! ಪೊಲೀಸರು ಹಿಡಿದರೂ ಹತ್ತು ಸಾವಿರ ತಾನೇ? ಯಾವತ್ತೋ ಒಂದ್ ದಿನ ಹಿಡೀತಾರೆ" ಎಂದರು. ಭಾವನಿಗೆ ಲೆಕ್ಕ ಚೆನ್ನಾಗಿ ಬರುತ್ತದೆ. ಕಾಫಿ ರೇಟು ಬಾಯಲ್ಲೇ ಕೂಡಿ ಕಳೆಯುವ ಮನುಷ್ಯ. ಆದರೆ ಈ ಲೆಕ್ಕದಲ್ಲಿ ಅವರು ಮೊದಲನೇ ಸಾಲು ಮಾತ್ರ ಓದಿದ್ದಾರೆ.

ಹತ್ತು ಸಾವಿರ ಅನ್ನುವುದು ನಿಜ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಕೇಸ್. ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 15,000 ಅಥವಾ ಎರಡು ವರ್ಷದವರೆಗೆ ಜೈಲು, ಇಲ್ಲವೇ ಎರಡೂ. 2019ರ ತಿದ್ದುಪಡಿಗೆ ಮುಂಚೆ ಮೊದಲ ಸಲದ ದಂಡ ಬರೀ 2,000 ಇತ್ತು. ಭಾವನ ತಲೆಯಲ್ಲಿ ಇನ್ನೂ ಆ ಕಾಲದ ಸಲಿಗೆಯೇ ಇದೆ.

ಹೆಲ್ಮೆಟ್ ಕೇಸಿನ ಹಾಗೆ ಇದನ್ನು ಸ್ಥಳದಲ್ಲೇ ಕಟ್ಟಿ ರಶೀದಿ ತೆಗೆದುಕೊಂಡು ಹೋಗುವ ಹಾಗಿಲ್ಲ. ಕೋರ್ಟಿಗೇ ಹೋಗಬೇಕು. ಕಾಫಿ ಕೊಯ್ಲಿನ ದಿನಗಳಲ್ಲಿ ಆಳುಗಳನ್ನು ಬಿಟ್ಟು ಕೋರ್ಟ್ ಮುಂದೆ ನಿಲ್ಲಬೇಕು. ಕಾರು ಸ್ಟೇಷನ್ನಿನಲ್ಲಿ ಬಿಸಿಲು ಕಾಯುತ್ತಿರುತ್ತದೆ. ಪೊಲೀಸರು ಲೈಸೆನ್ಸ್ ತೆಗೆದುಕೊಂಡು ಆರ್‌ಟಿಒಗೆ ಕಳಿಸಬಹುದು. ಮೊದಲ ಸಲವಾದರೆ ಮೂರು ತಿಂಗಳು ಅಮಾನತು ಮಾಡಬಹುದು, ಎರಡನೇ ಸಲ ರದ್ದೇ ಮಾಡಬಹುದು. ತೋಟದಲ್ಲಿ ಇರುವವರಿಗೆ ಮೂರು ತಿಂಗಳು ಗಾಡಿ ಮುಟ್ಟಬಾರದು ಅಂದರೆ ಏನು ಅಂತ ಟೌನಿನವರಿಗೆ ಹೇಳಿದರೆ ಅರ್ಥ ಆಗುವುದಿಲ್ಲ. ಗೊಬ್ಬರ, ಡೀಸೆಲ್, ಆಸ್ಪತ್ರೆ, ಮಕ್ಕಳ ಸ್ಕೂಲು ಎಲ್ಲದಕ್ಕೂ ಆಗ ಆಕ್ಟಿಂಗ್ ಡ್ರೈವರ್ ಬೇಕು. ದಿನಗೂಲಿ ಲೆಕ್ಕ ಹಾಕಿ ನೋಡಿ ಭಾವ.

ಇನ್ನೊಂದು ಮಾತು, ಕಾರು ಇರುವವರೆಲ್ಲ ಕೇಳಿಸಿಕೊಳ್ಳಿ. ಕುಡಿದಿದ್ದಾನೆ ಅಂತ ಗೊತ್ತಿದ್ದೂ "ಹೋಗು, ನೀನೇ ಓಡಿಸು" ಅಂತ ಕುಮ್ಮಕ್ಕು ಕೊಟ್ಟವರಿಗೂ 188ನೇ ಸೆಕ್ಷನ್ ಇದೆ. ಕುಡಿದು ಓಡಿಸಿದವನಿಗೆ ಯಾವ ಶಿಕ್ಷೆಯೋ ಅದೇ ಶಿಕ್ಷೆ.

ಇಷ್ಟೂ ಬರೀ ಹಿಡಿದರೆ ಆಗುವ ಖರ್ಚು. ಗುದ್ದಿದರೆ ಆಗುವ ಖರ್ಚು ಬೇರೆ, ನನ್ನ ಮೇಜಿನ ಮೇಲೆ ಬರುವುದು ಅದೇ.

ಕಾರಿನ ಪ್ಯಾಕೇಜ್ ಪಾಲಿಸಿ, ಅಂದರೆ ನಮ್ಮ ಗಾಡಿಗೂ ಎದುರಿನವರಿಗೂ ಸೇರಿಸಿ ಮಾಡಿಸುವ ಇನ್ಶೂರೆನ್ಸ್, ಬಿಚ್ಚಿ ನೋಡಿ. ಏನೇನು ಕೊಡುವುದಿಲ್ಲ ಅನ್ನುವ ಪಟ್ಟಿಯಲ್ಲಿ, ಓನರ್ ಆಗಲಿ, ಅವರ ಒಪ್ಪಿಗೆಯಿಂದ ಓಡಿಸುವವರಾಗಲಿ ಅಮಲಿನಲ್ಲಿದ್ದರೆ ಗಾಡಿಯ ರಿಪೇರಿ ಖರ್ಚು ಕೊಡುವುದಿಲ್ಲ ಅಂತ ಇರುತ್ತದೆ. ನನ್ನ ಒಬ್ಬ ಗಿರಾಕಿ ಮೂಡಿಗೆರೆ ರಸ್ತೆಯಲ್ಲಿ ಸಿಲ್ವರ್ ಓಕ್ ಮರಕ್ಕೆ ಹೊಡೆದರು. ಪೊಲೀಸರು ಊದಿಸಿರಲಿಲ್ಲ. ಹಾಗಾಗಿ ಬಚಾವ್ ಅಂದುಕೊಂಡಿದ್ದರು. ಆದರೆ ತುಟಿಗೆ ಹೊಲಿಗೆ ಹಾಕಿದ ಆಸ್ಪತ್ರೆಯ ವೂಂಡ್ ಸರ್ಟಿಫಿಕೇಟಿನಲ್ಲಿ "ಬಾಯಿಂದ ಮದ್ಯದ ವಾಸನೆ" ಅಂತ ಒಂದು ಸಾಲು ಇತ್ತು. ನಷ್ಟ ಲೆಕ್ಕ ಹಾಕಲು ಬಂದ ಇನ್ಶೂರೆನ್ಸ್ ಸರ್ವೇಯರ್ ಅದನ್ನೇ ಹಿಡಿದರು. 3.8 ಲಕ್ಷದ ಎಸ್ಟಿಮೇಟು, ಕ್ಲೇಮ್ ಪೂರ್ತಿ ತಿರಸ್ಕಾರ. ಸಾಲದ ಕಂತು ಮಾತ್ರ ತಿಂಗಳು ತಿಂಗಳು ಹೋಗುತ್ತಲೇ ಇತ್ತು, ಕಾರು ಗ್ಯಾರೇಜಿನಲ್ಲಿ ಬಾನೆಟ್ ತೆರೆದುಕೊಂಡು ನಿಂತಿತ್ತು.

ಅವರು ನನ್ನ ಮೇಲೆ ಕೂಗಾಡಿದರು. ಊದಿಸದೆ ಹೇಗೆ ಹೇಳುತ್ತಾರೆ ಎಂದರು. ನಾನು ಅವರಿಗೆ ದೆಹಲಿಯ ಪೋರ್ಷೆ ಕಾರಿನ ಕೇಸ್ ಹೇಳಿದೆ. 2007ರ ಡಿಸೆಂಬರಿನಲ್ಲಿ ಇಂಡಿಯಾ ಗೇಟ್ ಹತ್ತಿರ ಆದ ಅಪಘಾತ. ಉಸಿರಿನ ಪರೀಕ್ಷೆ ಇಲ್ಲ, ರಕ್ತದ ಪರೀಕ್ಷೆಯೂ ಇಲ್ಲ. ವೈದ್ಯಕೀಯ ವರದಿಯಲ್ಲಿ ಮದ್ಯದ ವಾಸನೆ ಅಂತ ಮಾತ್ರ ಇತ್ತು. ಕೇಸ್ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರ ಏಪ್ರಿಲಿನಲ್ಲಿ ತೀರ್ಪು ಬಂತು. ಪರೀಕ್ಷೆ ಮಾಡಿಸಿಲ್ಲ ಅನ್ನುವುದನ್ನೇ ಹಿಡಿದು ಕಂಪನಿ ದುಡ್ಡು ಕೊಡಲೇಬೇಕು ಅನ್ನುವ ಹಾಗಿಲ್ಲ, ಉಳಿದ ಸಂದರ್ಭಗಳಿಂದಲೂ ಅಮಲು ಸಾಬೀತಾಗುತ್ತದೆ ಅಂತ. ಪೋರ್ಷೆ ಇಟ್ಟುಕೊಂಡವರು ಹದಿಮೂರು ವರ್ಷ ಹೋರಾಡಿ ಸೋತರು. ನಮ್ಮ ಗಿರಾಕಿಯದು ಸೆಕೆಂಡ್ ಹ್ಯಾಂಡ್ ಎಸ್‌ಯುವಿ.

ಓನರ್ ಡ್ರೈವರ್‌ಗೆ ಅಂತ 15 ಲಕ್ಷದ ಅಪಘಾತ ವಿಮೆ ಪಾಲಿಸಿ ಜೊತೆಗೇ ಬರುತ್ತದೆ. ಅಮಲಿನಲ್ಲಿ ಸತ್ತರೆ ಅದೂ ಇಲ್ಲ. ಇದನ್ನು ಗಂಡಸರಿಗಿಂತ ಅವರ ಹೆಂಡತಿಯರಿಗೆ ಹೇಳುವುದು ವಾಸಿ ಅಂತ ಕಂಡುಕೊಂಡಿದ್ದೇನೆ.

ಇನ್ನು ಎದುರಿನವರಿಗೆ ಏನಾದರೂ ಆದರೆ. ಲೆಕ್ಕ ಭಾವನಿಗೆ ಇಷ್ಟ, ಅದಕ್ಕೇ ಲೆಕ್ಕದಲ್ಲೇ ಹೇಳುತ್ತೇನೆ. ಬೈಕಿನಲ್ಲಿ ಹೋಗುತ್ತಿದ್ದ 32 ವರ್ಷದ ಒಬ್ಬ ಗಾರೆ ಕೆಲಸದವನು ಸತ್ತ ಅಂದುಕೊಳ್ಳಿ. ತಿಂಗಳಿಗೆ 20,000 ದುಡಿಮೆ, ಅಂದರೆ ವರ್ಷಕ್ಕೆ 2,40,000. ಸ್ವಂತ ದುಡಿಮೆಯ 40 ವರ್ಷದೊಳಗಿನವರಿಗೆ ಮುಂದೆ ಹೆಚ್ಚಬಹುದಾದ ಆದಾಯ ಅಂತ ಶೇಕಡ 40 ಸೇರಿಸುತ್ತಾರೆ. 3,36,000 ಆಯಿತು. ಮನೆಯಲ್ಲಿ ಅವನನ್ನು ನಂಬಿದವರು ನಾಲ್ಕು ಜನ ಇದ್ದರೆ ಅವನ ಸ್ವಂತ ಖರ್ಚಿಗೆ ಕಾಲು ಭಾಗ ಕಳೆಯುತ್ತಾರೆ. 2,52,000. ಆ ವಯಸ್ಸಿಗೆ 16ರಿಂದ ಗುಣಿಸಬೇಕು. 40,32,000 ರೂಪಾಯಿ. ಮೇಲೆ ಅಂತ್ಯಕ್ರಿಯೆ ಖರ್ಚು ಇತ್ಯಾದಿ, ಬಡ್ಡಿ ಬೇರೆ.

"ಅದಕ್ಕೇ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದೆಯಲ್ಲ" ಅನ್ನುತ್ತೀರಿ. ಇದೆ. ಆದರೆ ಓಡಿಸಿದವನು ಕುಡಿದಿದ್ದ ಅಂತ ಕಂಪನಿ ಕೋರ್ಟಿನಲ್ಲಿ ವಾದಿಸಲು ಕಾಯ್ದೆಯಲ್ಲೇ ಅವಕಾಶ ಇದೆ. ಆಮೇಲೆ ಆಗುವುದನ್ನು ಎಂವಿಸಿ ಕೇಸ್, ಅಂದರೆ ಅಪಘಾತದ ಪರಿಹಾರದ ಕೇಸ್, ನಡೆಸುವ ವಕೀಲರು ಪೇ ಅಂಡ್ ರಿಕವರಿ ಅನ್ನುತ್ತಾರೆ. ಸತ್ತವರ ಮನೆಯವರಿಗೆ ಕಂಪನಿ ಮೊದಲು ಕೊಡಲಿ, ಆಮೇಲೆ ಓನರ್ ಹತ್ತಿರ ವಸೂಲು ಮಾಡಿಕೊಳ್ಳಲಿ ಅಂತ ಕೋರ್ಟ್ ಆದೇಶ ಕೊಡಬಹುದು. ಆ ಮನೆಯವರಿಗೆ ಅದೇ ನ್ಯಾಯ, ನನಗೆ ತಕರಾರಿಲ್ಲ. ಆದರೆ 40 ಲಕ್ಷ ಆಮೇಲೆ ನಿಮ್ಮ ತೋಟದ ಮೇಲೆ ಬರುತ್ತದೆ. ಕ್ರಿಮಿನಲ್ ಕೇಸ್ ಬೇರೆ ನಡೆಯುತ್ತದೆ. 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ನಿರ್ಲಕ್ಷ್ಯದಿಂದ ಸಾವು ಅಂದರೂ ಐದು ವರ್ಷದವರೆಗೆ ಜೈಲು. ಹಳೇ ಐಪಿಸಿಯಲ್ಲಿ ಇದು ಎರಡು ವರ್ಷ ಇತ್ತು. ಕುಡಿದ ಕೇಸುಗಳಲ್ಲಿ ಪೊಲೀಸರು ಕೊಲೆಯಲ್ಲದ ನರಹತ್ಯೆಯ ಸೆಕ್ಷನ್ ಹಾಕುವುದೂ ಉಂಟು. ಅದರ ಶಿಕ್ಷೆ ಇನ್ನೂ ದೊಡ್ಡದು.

ಇದನ್ನೆಲ್ಲ ಗೇಟಿನ ಹತ್ತಿರ ನಿಂತು ಹೇಳಲಿಲ್ಲ, ಬಿಡಿ. ಭಾವ ಅಷ್ಟರಲ್ಲಿ ಎಲೆಅಡಿಕೆ ಹುಡುಕಿಕೊಂಡು ಒಳಗೆ ಹೋಗಿದ್ದರು. ಈಗ ಓದಲಿ.

ಮತ್ತೆ ಸೇವೆಗೆ ಬರುತ್ತೇನೆ. ಟೌನ್ ದಾಟುವ ಹೊತ್ತಿಗೆ ಪೊಲೀಸರು ಗಾಡಿ ನಿಲ್ಲಿಸಿದರು. ಹುಡುಗ ಗ್ಲಾಸ್ ಇಳಿಸಿ, ಒಳಗಿನ ಲೈಟ್ ಹಾಕಿ, ಊದಿದ. ಸೊನ್ನೆ. ಪಕ್ಕದ ಸೀಟಿನಿಂದ ನಮ್ಮನೆಯವರು "ನಾನೂ ಊದ್ಲಾ ಸಾರ್?" ಎಂದರು. "ಬೇಡ ಸಾರ್, ಇಲ್ಲಿಗೇ ವಾಸನೆ ಬರ್ತಿದೆ, ಹೋಗಿ ಮಲ್ಕೊಳ್ಳಿ" ಎಂದರು ಪೊಲೀಸರು. ಕುಡಿದು ಪಕ್ಕದಲ್ಲಿ ಕೂತವರ ಮೇಲೆ 185 ಬರುವುದಿಲ್ಲ, ಓಡಿಸುವವರ ಮೇಲೆ, ಓಡಿಸಲು ಹೊರಟವರ ಮೇಲೆ ಮಾತ್ರ.

ಓಡಿಸುವ ಕೈ ಚೆನ್ನಾಗಿತ್ತು. ಮಂಜು ಕವಿದಿತ್ತು, ಡಿಮ್ ಲೈಟಿನಲ್ಲೇ ನಿಧಾನ ಬಂದ. ನಡುವೆ ಗಾಡಿ ಪಕ್ಕಕ್ಕೆ ಹಾಕಿ ಫೋನ್ ನೋಡಿದ. ಆನೆ ಓಡಾಡುವ ಜಾಗ ತಿಳಿಸುವ ವಾಟ್ಸಾಪ್ ಗ್ರೂಪಿನಲ್ಲಿ ಅವನೂ ಇದ್ದಾನೆ. ಮುಂದಿನ ತಿರುವಿನ ತೋಟದಲ್ಲಿ ಎರಡು ಆನೆ ಇವೆ ಅಂತ ಬಂದಿತ್ತು. ಎದುರಿನಿಂದ ಬಂದ ಪಿಕಪ್ ಡ್ರೈವರನ್ನು ಕೇಳಿ, ರಸ್ತೆ ಖಾಲಿ ಇದೆ ಅಂತ ತಿಳಿದ ಮೇಲೆ ಹೊರಟ. ಬೆಂಗಳೂರಿನಿಂದ ಬರುವ ಯಾವ ಆ್ಯಪ್ ಡ್ರೈವರ್‌ಗೂ ಇದು ಗೊತ್ತಿರುವುದಿಲ್ಲ. ನಮ್ಮ ಕಡೆಯ ಹುಡುಗರನ್ನೇ ಕರೆಸಬೇಕು ಅನ್ನುವುದು ಇದಕ್ಕೇ.

ಆವತ್ತು ಅವನನ್ನು ಬೈಕಿನಲ್ಲಿ ವಾಪಸ್ ಕಳಿಸಲು ನನಗೆ ಮನಸ್ಸಾಗಲಿಲ್ಲ. ಸಾಮಾನ್ಯವಾಗಿ ಗುಂಪಿನ ಇನ್ನೊಬ್ಬ ಬೈಕಿನಲ್ಲಿ ಹಿಂದೆ ಬಂದು ಕರೆದುಕೊಂಡು ಹೋಗುತ್ತಾನೆ, ಆ 300 ಅದಕ್ಕೇ. ಆನೆ ಇದೆ ಅಂದ ಮೇಲೆ ಇಬ್ಬರನ್ನೂ ಅಲ್ಲೇ ರೂಮಿನಲ್ಲಿ ಮಲಗಿಸಿ ಬೆಳಿಗ್ಗೆ ರೊಟ್ಟಿ ಕೊಟ್ಟು ಕಳಿಸಿದೆ. ನೀವೂ ಒಂದು ಹಾಸಿಗೆ ರೆಡಿ ಇಟ್ಟುಕೊಳ್ಳಿ.

ತಕರಾರುಗಳೂ ಇವೆ. ನಮ್ಮ ಕಾರು ಆಟೋಮ್ಯಾಟಿಕ್. ಹುಡುಗ ಮೊದಲ ಐದು ನಿಮಿಷ ಎಡಗಾಲಿನಲ್ಲಿ ಕ್ಲಚ್ ಹುಡುಕಿದ, ಬ್ರೇಕ್ ಸಿಕ್ಕಿತು, ನಾವೆಲ್ಲ ಮುಂದಕ್ಕೆ ಜೋಲಿ ಹೊಡೆದೆವು. ಬುಕ್ ಮಾಡುವಾಗ ಇದನ್ನು ಅವರೇ ಕೇಳಬೇಕಿತ್ತು, ಕೇಳುವುದಿಲ್ಲ. ನೀವೇ ಹೇಳಿ. ಕಾಯುವ ಚಾರ್ಜು ಯಾವಾಗಿಂದ ಶುರು ಅನ್ನುವುದು ಡ್ರೈವರ್‌ನಿಂದ ಡ್ರೈವರ್‌ಗೆ ಬದಲಾಗುತ್ತದೆ. ಬಿಲ್ ಕೊಡುವುದಿಲ್ಲ, ಫೋನ್‌ಪೇ ಮಾಡಿದ ಸ್ಕ್ರೀನ್‌ಶಾಟೇ ಬಿಲ್ಲು. ನಮ್ಮ ಗೇಟಿನ ಕಂಬಕ್ಕೆ ಹಿಂದಿನ ಡೋರ್ ಸ್ವಲ್ಪ ಉಜ್ಜಿತು. "ಅದು ಮೊದ್ಲೇ ಇತ್ತಕ್ಕ" ಎಂದ. ಹೊರಡುವ ಮುಂಚೆ ನಾಲ್ಕೂ ಕಡೆ ಫೋಟೋ ತೆಗೆದಿಟ್ಟಿದ್ದೆ, ತೋರಿಸಿದೆ. ಸುಮ್ಮನಾದ. ಹಿರಿಯರು ಮಾರನೇ ದಿನ ಫೋನ್ ಮಾಡಿ, ಮುಂದಿನ ಸಲ 500 ಕಡಿಮೆ ಕೊಡಿ ಎಂದರು. ಇಂಥ ಸಣ್ಣ ಗೀರಿಗೆ ಕ್ಲೇಮ್ ಹಾಕುವುದು ದಡ್ಡತನ. ವರ್ಷ ವರ್ಷ ಕ್ಲೇಮ್ ಇಲ್ಲದೆ ಬಂದರೆ ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಶೇಕಡ 20ರಿಂದ ಶುರುವಾಗಿ ಶೇಕಡ 50ರವರೆಗೆ ಏರುತ್ತದೆ. ಒಂದು ಗೀರಿಗೆ ಅದನ್ನು ಕಳೆದುಕೊಳ್ಳಬಾರದು.

ಈ ಸೇವೆ ಬಗೆಹರಿಸದ ಒಂದು ವಿಷಯ ಬೆಳಿಗ್ಗೆ. ಕಾರು ಮನೆಗೆ ಬಂತು, ಸರಿ. ಬೆಳಿಗ್ಗೆ ಆರಕ್ಕೆ ನಮ್ಮನೆಯವರು ಟೌನಿಗೆ ಹೊರಟು ನಿಂತರು. ದೇಹ ಆಲ್ಕೋಹಾಲನ್ನು 100 ಎಂಎಲ್ ರಕ್ತಕ್ಕೆ ಗಂಟೆಗೆ ಸುಮಾರು 15 ಮಿಲಿಗ್ರಾಂ ಲೆಕ್ಕದಲ್ಲಿ ಮಾತ್ರ ಇಳಿಸುತ್ತದೆ. 60 ಎಂಎಲ್ ಒಂದು ಲಾರ್ಜ್ ಹಾಕಿದರೇ ಸಾಧಾರಣ ಮೈಕಟ್ಟಿನ ಗಂಡಸು 30ರ ಮಿತಿ ದಾಟಬಹುದು. ರಾತ್ರಿ ಹನ್ನೆರಡರವರೆಗೆ ಐದಾರು ಹಾಕಿದವರು ಬೆಳಿಗ್ಗೆ ಆರಕ್ಕೂ ಮಿತಿಯ ಮೇಲೇ ಇರಬಹುದು. "ಸ್ಟ್ರಾಂಗ್ ಕಾಫಿ ಕುಡಿದಿದೀನಿ, ಇಳಿದಿದೆ" ಎಂದರು. ಕಾಫಿ ಬೆಳೆದು ಬದುಕುವವರಿಗೆ ನಾನು ಕಾಫಿಯ ಮೇಲೆ ಚಾಡಿ ಹೇಳಬೇಕಾಯಿತು. ಕಾಫಿ ನಿದ್ದೆ ಬಿಡಿಸುತ್ತದೆ, ರಕ್ತದ ಲೆಕ್ಕ ಬದಲಾಯಿಸುವುದಿಲ್ಲ. ಮಧ್ಯಾಹ್ನ ಊಟದ ಮೇಲೆ ಹೋದರು, ಮುಖ ದಪ್ಪ ಮಾಡಿಕೊಂಡು. ಮುಂದಿನ ಸಲ ಬೆಳಗಿನ ಡ್ಯೂಟಿಗೂ ಸೇರಿಸಿ ಎಷ್ಟು ಅಂತ ಹಿರಿಯರನ್ನು ಕೇಳಿದ್ದೇನೆ. ರಾತ್ರಿ ಉಳಿದು ಬೆಳಿಗ್ಗೆ ಟೌನಿಗೆ ಕರೆತಂದರೆ ವಾಪಸ್ ಖರ್ಚಿನ 300 ಬೇಡ, ಒಟ್ಟು 1,400 ಕೊಡಿ ಎಂದಿದ್ದಾರೆ.

ಒಟ್ಟಿಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ರಸ್ತೆ ಗೊತ್ತು, ಕುಡಿಯುವುದಿಲ್ಲ, ಮಾತು ಮೆದು. ಬುಕಿಂಗ್ ಆದ ಕೂಡಲೇ ಕೇಳದೆಯೇ ಲೈಸೆನ್ಸ್ ಫೋಟೋ ಕಳಿಸಿ, ಕಾಯುವ ಚಾರ್ಜನ್ನು ಒಂದೇ ರೀತಿ ಮಾಡಿದರೆ ನಾಲ್ಕೂವರೆ. ಮುಂದಿನ ತಿಂಗಳು ಹಾಸನದಲ್ಲಿ ಒಂದು ಮದುವೆ ಇದೆ. ಅಲ್ಲಿಗೆ ದಿನದ ಬಾಡಿಗೆ ಲೆಕ್ಕ, ಊಟ ನಮ್ಮದು. ಅದೇ ಹುಡುಗನನ್ನು ಹೇಳಿದ್ದೇನೆ, ಕಾರು ಆಟೋಮ್ಯಾಟಿಕ್ ಅಂತಲೂ ಮತ್ತೊಮ್ಮೆ ಹೇಳಿದ್ದೇನೆ. ಭಾವನೂ ಇದೇ ಕಾರಿನಲ್ಲಿ ಬರುತ್ತಾರಂತೆ, ಹಿಂದಿನ ಸೀಟು ಕಿಟಕಿ ಕಡೆ ಬೇಕಂತೆ.